ಪದ ಅಚ್ಚಾಯಿತು, ಧಾಟಿ ಎಲ್ಲಿ?

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗುವ ತನಕ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ಹಾಡು ಹಂಚುತ್ತಿದ್ದದ್ದು ಬಸ್ ನಿಲ್ದಾಣದ ಸುತ್ತಲಿನ ಮೊಬೈಲ್ ಅಂಗಡಿಗಳು. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕು ಊರುಗಳಿಗೆ ಸಂತೆಗೆಂದು ಬಂದವರು ಮೆಮರಿ ಕಾರ್ಡ್ ಕೈಗಿಟ್ಟರೆ ಅಂಗಡಿಯ ಹುಡುಗ ತನ್ನ ಕಂಪ್ಯೂಟರಿನಿಂದ ಹೊಸ ಸಿನಿಮಾ ಹಾಡಿನ ಜೊತೆಗೆ ಭಜನಿ ಪದ, ಮೊಹರಂ ಪದ, ಡೊಳ್ಳಿನ ಪದಗಳನ್ನೂ ತುಂಬಿ ಕೊಡುತ್ತಿದ್ದ. ಸುತ್ತಲಿನ ಮೇಳಗಳು ಜಾತ್ರೆಯಲ್ಲಿ ಹಾಡಿದ್ದು, ಯಾರೋ ಕ್ಯಾಸೆಟ್ಟಿನಿಂದ ಇಳಿಸಿದ್ದು, ಇನ್ಯಾರೋ ಫೋನಿನಲ್ಲಿ ಹಿಡಿದದ್ದು ಎಲ್ಲವೂ ಆ ಕಂಪ್ಯೂಟರುಗಳಿಗೆ ಬಂದು ಸೇರುತ್ತಿತ್ತು. ಯಾರೂ ಹಾಗೆ ಕರೆಯದಿದ್ದರೂ ಅವು ಈ ಸೀಮೆಯ ಹಾಡಿನ ಭಂಡಾರಗಳೇ ಆಗಿದ್ದವು. ಡೇಟಾ ಅಗ್ಗವಾದ ಮೇಲೆ ಕಾರ್ಡ್ ತುಂಬಿಸಿಕೊಳ್ಳುವವರು ಕಡಿಮೆಯಾದರು. ಹಾರ್ಡ್ ಡಿಸ್ಕುಗಳು ಗುಜರಿ ಸೇರಿದವು.

ಈಗ ಎಲ್ಲರ ಕೈಯಲ್ಲೂ ಕೋಟಿಗಟ್ಟಲೆ ಹಾಡುಗಳ ಆ್ಯಪ್ ಇದೆ. ಆದರೆ ಭೀಮಾ ತೀರದ ಹಳ್ಳಿಯೊಂದರ ಮೇಳ ಮೂವತ್ತು ವರ್ಷದ ಹಿಂದೆ ಶಿವರಾತ್ರಿಯ ಜಾಗರಣೆಯಲ್ಲಿ ಹಾಡಿದ ಪದವೊಂದು ಬೇಕೆಂದರೆ ಆ ಕೋಟಿಯಲ್ಲಿ ಅದು ಸಿಗುವುದಿಲ್ಲ. ಮನೆಯ ಒಂದು ಕಂಪ್ಯೂಟರಿನಲ್ಲಿ ಹಾಡುಗಳನ್ನು ಕೂಡಿಟ್ಟು, ಅಲ್ಲಿಂದ ಮನೆಯವರ ಫೋನು, ಸ್ಪೀಕರು, ಟಿವಿಗಳಿಗೆ ಹರಿಸುವ ವ್ಯವಸ್ಥೆ ಬೆಂಗಳೂರಿನಂಥ ಊರುಗಳಲ್ಲಿ ಸಂಗೀತದ ಹುಚ್ಚಿರುವವರ ಹವ್ಯಾಸವಾಗಿ ಬೆಳೆದಿದೆ. ಅಂಥ ವ್ಯವಸ್ಥೆ ಬೆಂಗಳೂರಿಗಿಂತ ಹೆಚ್ಚಾಗಿ ಬೇಕಾಗಿರುವುದು ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ. ಬೆಂಗಳೂರಿನ ಕೇಳುಗ ಕೂಡಿಡುವ ಹಾಡು ಬೇರೆ ಹತ್ತು ಕಡೆ ಉಳಿದಿರುತ್ತದೆ. ಇಲ್ಲಿನ ಕ್ಯಾಸೆಟ್ಟಿನಲ್ಲಿರುವ ಹಾಡಿಗೆ ಬಹಳ ಸಲ ಆ ಕ್ಯಾಸೆಟ್ಟೊಂದೇ ಗತಿ.

ಈ ಸೀಮೆಯ ಹಾಡಿನ ಸಂಪತ್ತು ಎಂಥದು ಎಂಬುದಕ್ಕೆ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಹೆಸರು ಸಾಕು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಅವರು ನೆಲೆನಿಂತದ್ದು ಆಗ ಜೇವರ್ಗಿ ಸೀಮೆಯಲ್ಲಿದ್ದ, ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳದಲ್ಲಿ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ತೆಲಗಬಾಳ ರೇವಪ್ಪನವರಿದ್ದರು. ಜಾತಿ, ಧರ್ಮದ ಗೋಡೆಗಳಿಗೆ ಸೊಪ್ಪು ಹಾಕದ ಈ ಗುರುಮಾರ್ಗ ಹತ್ತೊಂಬತ್ತನೆಯ ಶತಮಾನದಿಂದ ಇಂದಿನ ತನಕ ಬಾಯಿಂದ ಬಾಯಿಗೆ ಬಂದಿದೆ. ಅಮಾವಾಸ್ಯೆಯ ರಾತ್ರಿ ಗುಡಿಯ ಮುಂದೆ ಪೇಟಿ, ತಬಲಾ, ತಾಳ, ದಮ್ಮಡಿ ಇಟ್ಟುಕೊಂಡು ಕೂತ ಮೇಳಗಳೇ ಅದನ್ನು ಹೊತ್ತು ತಂದಿವೆ. ಇದಕ್ಕೆ ದೇವಲ ಗಾಣಗಾಪುರಕ್ಕೆ ಬರುವ ದತ್ತ ಭಕ್ತರ ಮರಾಠಿ ಭಜನೆ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿನ ಕವ್ವಾಲಿ, ಹಳ್ಳಿಹಳ್ಳಿಯ ಮೊಹರಂ ಪದ, ಹೆಂಗಸರ ಸೋಬಾನ ಪದ, ಬೀಸುವ ಪದಗಳನ್ನು ಸೇರಿಸಿದರೆ ಒಂದು ಮನೆಯ ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳಲ್ಲೇ ಮೂರು ಭಾಷೆ, ಎರಡು ಧರ್ಮ, ನಾಲ್ಕು ತಲೆಮಾರು ಸಿಗುತ್ತವೆ.

ತತ್ವಪದಗಳ ಸಾಹಿತ್ಯವನ್ನು ಉಳಿಸುವ ಕೆಲಸ ಚೆನ್ನಾಗಿಯೇ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳನ್ನು ಹಲವು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಮಠಗಳು, ಸ್ಥಳೀಯ ಸಂಪಾದಕರು ಅದಕ್ಕೂ ಮೊದಲೇ ಚಿಕ್ಕಚಿಕ್ಕ ಪುಸ್ತಕ ತಂದಿದ್ದಾರೆ. ಪದ ಹೀಗೆ ಅಚ್ಚಾಯಿತು. ಆದರೆ ಭಜನಿ ಹಾಡುವವರು ಪುಸ್ತಕ ನೋಡಿ ಕಲಿಯುವುದು ಅಪರೂಪ. ಹಿರಿಯರ ಬಾಯಿಂದ ಧಾಟಿ ಹಿಡಿಯುತ್ತಾರೆ. ಒಂದೇ ಪದವನ್ನು ಒಂದು ಊರಿನ ಮೇಳ ನಿಧಾನಕ್ಕೆ ಎಳೆದು ಹಾಡಿದರೆ ನದಿಯಾಚೆಯ ಮೇಳ ಅದನ್ನೇ ಚುರುಕು ತಾಳದಲ್ಲಿ ಹಾಡುತ್ತದೆ. ಪಲ್ಲವಿಯನ್ನು ಎಲ್ಲಿ ಮರಳಿಸುವುದು, ಯಾವ ಸಾಲನ್ನು ಹಿಮ್ಮೇಳಕ್ಕೆ ಬಿಡುವುದು, ಅಂಕಿತ ಬಂದಾಗ ದನಿಯನ್ನು ಎಷ್ಟು ಇಳಿಸುವುದು ಎಂಬುದು ಯಾವ ಸಂಪುಟದಲ್ಲೂ ಇಲ್ಲ. ಆ ಮಾಹಿತಿ ಇರುವುದು ಹಾಡುವವರ ಗಂಟಲಿನಲ್ಲಿ, ಇಲ್ಲವೇ ಅವರು ಬಿಟ್ಟುಹೋದ ಕ್ಯಾಸೆಟ್ಟಿನಲ್ಲಿ.

ಶಿಶುನಾಳ ಶರೀಫರ ಪದಗಳಿಗೆ ಆದದ್ದನ್ನು ಇಲ್ಲಿ ನೆನೆಯಬೇಕು. ಸಿ. ಅಶ್ವತ್ಥ್ ಅವರ ಕಂಠ, 1990ರಲ್ಲಿ ಬಂದ ನಾಗಾಭರಣರ ಚಿತ್ರ, ಇವೆರಡರಿಂದ ಶರೀಫರು ನಾಡಿನ ಮನೆಮನೆಗೆ ತಲುಪಿದರು. ಅದು ಕನ್ನಡಕ್ಕೆ ಆದ ದೊಡ್ಡ ಉಪಕಾರ. ಅದರ ಜೊತೆಗೇ ಇನ್ನೊಂದೂ ಆಯಿತು: ಇಂದು ಶರೀಫರ ಪದ ಎಂದರೆ ಬಹಳ ಜನರ ಕಿವಿಗೆ ಬರುವುದು ಅಶ್ವತ್ಥರ ಧಾಟಿಯೊಂದೇ. ಮಡಿವಾಳಪ್ಪನವರಿಗೆ ಅಷ್ಟು ದೊಡ್ಡ ಪ್ರಚಾರ ಸಿಗಲಿಲ್ಲ. ಅದರಿಂದಾಗಿಯೇ ಅವರ ಪದಗಳ ಹಳೆಯ ಧಾಟಿಗಳು ಹಳ್ಳಿಗಳಲ್ಲಿ ಇನ್ನೂ ಬೇರೆಬೇರೆಯಾಗಿ ಉಳಿದಿವೆ. ಅವನ್ನು ಕೂಡಿಡಲು ಉಳಿದಿರುವ ಕಾಲ ಮಾತ್ರ ಹೆಚ್ಚಿಲ್ಲ.

1966ರಿಂದ ಇರುವ ಕಲಬುರಗಿ ಆಕಾಶವಾಣಿ ಈ ಭಾಗದ ಹಾಡುಗಾರರಿಗೆ ಮೈಕು ಕೊಟ್ಟಿತು. ಬಿತ್ತರವಾದ ದಿನ ಇಡೀ ಊರು ರೇಡಿಯೊ ಮುಂದೆ ಕೂತು ಕೇಳಿತು. ಆದರೆ ಹಾಡಿದವರ ಮೊಮ್ಮಕ್ಕಳು ಅಜ್ಜನ ದನಿ ಬೇಕೆಂದರೆ, ಆ ಹೊತ್ತು ರೇಡಿಯೊ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಯಾರಾದರೂ ಹಿಡಿದಿದ್ದರಷ್ಟೇ ಸಿಕ್ಕೀತು. ಸರ್ಕಾರದ ಸಂಗ್ರಹಕ್ಕೂ ಮನೆಯ ಸಂಗ್ರಹಕ್ಕೂ ಇರುವ ಅಂತರ ಇದು. ಒಂದರಲ್ಲಿ ದನಿ ಉಳಿದಿರಬಹುದು, ಬೇಕಾದಾಗ ಹಚ್ಚಿ ಕೇಳಲು ಬರುವುದು ಇನ್ನೊಂದರಿಂದ ಮಾತ್ರ.

"ಯೂಟ್ಯೂಬಿಗೆ ಹಾಕಿದರಾಯಿತಲ್ಲ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಹಾಕಲಿ, ಒಳ್ಳೆಯದೇ. ಈಗಾಗಲೇ ಎಷ್ಟೋ ಮೇಳಗಳ ಹಾಡು ಅಲ್ಲಿದೆ, ದೂರದವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಅಲ್ಲಿಟ್ಟರೆ ಉಳಿಸಿದ ಹಾಗೆ ಎಂದುಕೊಳ್ಳುವುದು ತಪ್ಪು. ಒಂದು ಕಾಲಕ್ಕೆ ಜಗತ್ತಿನ ಹಾಡುಗಾರರೆಲ್ಲ ಮೈಸ್ಪೇಸ್ ಎಂಬ ತಾಣದಲ್ಲಿ ಹಾಡು ಇಡುತ್ತಿದ್ದರು. 2015ಕ್ಕಿಂತ ಮೊದಲು ಅಲ್ಲಿ ಸೇರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಅಳಿಸಿಹೋದವು ಎಂದು ಆ ಕಂಪನಿ 2019ರಲ್ಲಿ ಒಪ್ಪಿಕೊಂಡಿತು. ಗೂಗಲ್ ಪ್ಲೇ ಮ್ಯೂಸಿಕ್ ತನ್ನ ಬಳಕೆದಾರರಿಗೆ 50,000 ತನಕ ಸ್ವಂತ ಹಾಡು ಇಟ್ಟುಕೊಳ್ಳಲು ಜಾಗ ಕೊಟ್ಟಿತ್ತು. 2020ರ ಕೊನೆಗೆ ಅಂಗಡಿ ಮುಚ್ಚಿತು. ಭಾರತದಲ್ಲಿ ರೆಸ್ಸೊ ಎಂಬ ಹಾಡಿನ ಆ್ಯಪ್ 2024ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ಕನ್ನು ನಿಲ್ಲಿಸುವುದಾಗಿ ಹೇಳಿತು. ದುಡ್ಡು ಕೊಟ್ಟು ಕೇಳುವ ಸೇವೆಗಳಲ್ಲಿ ಫೋನಿಗೆ ಇಳಿಸಿಕೊಂಡ ಹಾಡೂ ಚಂದಾ ನಿಂತ ಮೇಲೆ ನುಡಿಯುವುದಿಲ್ಲ. ಸಿನಿಮಾ ಹಾಡಿಗೆ ಇದರಿಂದ ನಷ್ಟವಿಲ್ಲ, ಒಂದು ಆ್ಯಪ್ ಹೋದರೆ ಇನ್ನೊಂದರಲ್ಲಿ ಅದು ಇದ್ದೇ ಇರುತ್ತದೆ. ಖೈನೂರ ಕೃಷ್ಣಪ್ಪನವರ ಪದವನ್ನು ಒಂದು ಹಳ್ಳಿಯ ಧಾಟಿಯಲ್ಲಿ ಹಾಡಿದ ರೆಕಾರ್ಡಿಗೆ ಆ ಭಾಗ್ಯವಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಈ ತಂತ್ರಜ್ಞಾನದ ಚರಿತ್ರೆಯಲ್ಲಿದೆ. ಸ್ಲಿಮ್ ಡಿವೈಸಸ್ ಎಂಬ ಅಮೆರಿಕದ ಚಿಕ್ಕ ಕಂಪನಿ 2000ದ ದಶಕದ ಆರಂಭದಲ್ಲಿ ಮನೆಯ ಕಂಪ್ಯೂಟರಿನಿಂದ ಹಾಡು ಎಳೆದು ನುಡಿಸುವ ಸಾಧನ ಮಾಡಿತು. ಕಂಪ್ಯೂಟರಿನಲ್ಲಿ ಕೂರುವ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡುಕೊಂಡಿತು, 2012ರಲ್ಲಿ ಸಾಧನಗಳನ್ನು ಕೈಬಿಟ್ಟಿತು, 2024ರಲ್ಲಿ ಅದಕ್ಕೆ ಸಂಬಂಧಿಸಿದ ತನ್ನ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೂ ಮನೆಗಳಲ್ಲಿದ್ದ ಪೆಟ್ಟಿಗೆಗಳು ನುಡಿಯುತ್ತಲೇ ಇವೆ. ತಂತ್ರಾಂಶದ ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದ ಬಳಕೆದಾರರೇ ಅದನ್ನು ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಹಾಡಿನ ಫೈಲು ಮನೆಯ ಡಿಸ್ಕಿನಲ್ಲಿದ್ದು, ಅದನ್ನು ನುಡಿಸುವ ತಂತ್ರಾಂಶ ಮುಕ್ತವಾಗಿದ್ದರೆ ಕಂಪನಿ ಬದುಕಿದರೂ ಹೋದರೂ ಹಾಡು ನಿಲ್ಲುವುದಿಲ್ಲ.

ವ್ಯವಸ್ಥೆಯ ಒಳಗುಟ್ಟು ಸರಳ. ಒಂದು ಕಂಪ್ಯೂಟರ್, ಅದರಲ್ಲಿ ಹಾಡಿನ ಫೈಲುಗಳು, ಅವುಗಳ ಪಟ್ಟಿ ಮಾಡಿ ಕೇಳಿದವರಿಗೆ ಕಳಿಸುವ ಒಂದು ಸರ್ವರ್ ತಂತ್ರಾಂಶ, ಮನೆಯ ವೈಫೈ ರೂಟರ್, ಕೇಳುವ ಸಾಧನ. ನ್ಯಾವಿಡ್ರೋಮ್, ಜೆಲ್ಲಿಫಿನ್, ಈಗ ಹೇಳಿದ ಲಿರಿಯಾನ್ ಮೂರೂ ಉಚಿತ. ಹಾಡು ಮಾತ್ರ ಸಾಕೆನ್ನುವವರಿಗೆ ನ್ಯಾವಿಡ್ರೋಮ್ ಹಗುರ, ಹಳೆಯ ಯಂತ್ರದಲ್ಲೂ ಸಲೀಸಾಗಿ ಓಡುತ್ತದೆ. ಮದುವೆಯ ವಿಡಿಯೊ, ಜಾತ್ರೆಯ ವಿಡಿಯೊಗಳನ್ನೂ ಜೊತೆಗಿಡಬೇಕೆಂದರೆ ಜೆಲ್ಲಿಫಿನ್ ಒಳ್ಳೆಯದು. ಪಡಸಾಲೆ, ಅಡುಗೆಮನೆ ಎರಡೂ ಕಡೆ ಒಂದೇ ಹಾಡು ಒಂದೇ ತಾಳಕ್ಕೆ ಕೇಳಬೇಕೆಂದರೆ ಲಿರಿಯಾನ್. ಸರ್ವರ್ ಒಮ್ಮೆ ಕೂತ ಮೇಲೆ ಫೋನಿನ ಬ್ರೌಸರಿನಲ್ಲಿ ಮನೆಯೊಳಗಿನ ಒಂದು ವಿಳಾಸ ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಹಾಡು ಹೋಗುವುದು ಕಂಪ್ಯೂಟರಿನಿಂದ ರೂಟರಿಗೆ, ರೂಟರಿನಿಂದ ಫೋನಿಗೆ. ಮನೆಯ ಗೋಡೆ ದಾಟುವುದೇ ಇಲ್ಲ. ರೀಚಾರ್ಜ್ ಮುಗಿದಿದ್ದರೂ, ಕೇಬಲ್ ಕಡಿದು ಬ್ರಾಡ್‌ಬ್ಯಾಂಡ್ ಎರಡು ದಿನ ನಿಂತರೂ ಹಾಡು ಬರುತ್ತದೆ. ತಾಲೂಕಿನ ಒಳಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತುವ ಮನೆಗಳಿಗೆ ಇದರಷ್ಟು ಒಪ್ಪುವ ವ್ಯವಸ್ಥೆ ಮತ್ತೊಂದಿಲ್ಲ. ಆದರೆ ಹಳೆಯ ವಾಡೆಗಳ, ಮಾಳಿಗೆ ಮನೆಗಳ ಕಲ್ಲುಮಣ್ಣಿನ ದಪ್ಪ ಗೋಡೆ ವೈಫೈಯನ್ನು ಒಳಗೆ ಬಿಡುವುದಿಲ್ಲ. ರೂಟರನ್ನು ಪಡಸಾಲೆಯ ನಡುವೆ ಇಡಬೇಕು, ಸರ್ವರಿಗೆ ನೇರ ತಂತಿ ಜೋಡಿಸಬೇಕು. ಹೊಸ ಯಂತ್ರ ಕೊಳ್ಳುವ ಮೊದಲು ಐದು ಮೀಟರ್ ಲ್ಯಾನ್ ಕೇಬಲ್ ಕೊಳ್ಳುವುದು ಜಾಣತನ.

ಯಾವ ಕಂಪ್ಯೂಟರ್ ಎಂಬ ಪ್ರಶ್ನೆಗೆ ಮಹಾನಗರದ ಉತ್ತರ ರಾಸ್ಪ್‌ಬೆರಿ ಪೈ. 2012ರಲ್ಲಿ ಬಂದ ಅಂಗೈಯಗಲದ ಆ ಯಂತ್ರ ಐದು ವ್ಯಾಟ್ ಆಸುಪಾಸಿನಲ್ಲಿ ಓಡುತ್ತದೆ. ದಿನವಿಡೀ ಹಚ್ಚಿಟ್ಟರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ. ಆದರೆ ಕರೆಂಟ್ ಥಟ್ಟನೆ ಹೋದಾಗ ಅದರ ಮೆಮರಿ ಕಾರ್ಡ್ ಕೆಡುವುದು ಎಲ್ಲರಿಗೂ ಗೊತ್ತಿರುವ ರೋಗ. ಜೆಸ್ಕಾಂ ಕರೆಂಟ್ ಹೋಗಿಬಂದು ಮಾಡುವ ಹಳ್ಳಿಯಲ್ಲಿ ಅದಕ್ಕೆ ಯುಪಿಎಸ್ ಇಲ್ಲದೆ ನಡೆಯದು. ಹಳೆಯ ಡೆಸ್ಕ್‌ಟಾಪ್ ಅರವತ್ತು ವ್ಯಾಟ್ ತಿಂದರೆ ತಿಂಗಳಿಗೆ ನಲವತ್ಮೂರು ಯೂನಿಟ್. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಮಿತಿಯನ್ನು ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ಗೊತ್ತುಮಾಡಿರುವುದರಿಂದ, ಒಮ್ಮೆಲೇ ನಲವತ್ತು ಯೂನಿಟ್ ಏರಿದರೆ ಬಿಲ್ ಬರುತ್ತದೆ. ಇಲ್ಲಿಗೆ ಸರಿಹೊಂದುವುದು ಹಳೆಯ ಲ್ಯಾಪ್‌ಟಾಪ್. ಮಗನೋ ಮಗಳೋ ಡಿಗ್ರಿ ಓದುವಾಗ ಸರ್ಕಾರ ಕೊಟ್ಟದ್ದು, ಕೀ ಕಿತ್ತುಹೋಗಿ ಮೂಲೆ ಸೇರಿದ್ದು ಇದ್ದರೂ ನಡೆಯುತ್ತದೆ. ಬ್ಯಾಟರಿ ಒಂದು ತಾಸು ತಡೆದರೂ ಅದೇ ಅದರ ಯುಪಿಎಸ್. ಉಬ್ಬಿದ ಬ್ಯಾಟರಿ ಇದ್ದರೆ ಮಾತ್ರ ತೆಗೆಸಿಯೇ ಹಚ್ಚಬೇಕು, ಅದು ಬೆಂಕಿಯ ಅಪಾಯ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಯಂತ್ರವನ್ನು ಮುಚ್ಚಿದ ಕಪಾಟಿನೊಳಗೂ ತಗಡಿನ ಕೆಳಗೂ ಇಡಬಾರದು.

ಸರ್ವರ್ ಕೂರಿಸುವುದು ಒಂದು ಸಂಜೆಯ ಕೆಲಸ. ನಿಜವಾದ ದುಡಿಮೆ ಇರುವುದು ಕ್ಯಾಸೆಟ್ಟಿನಲ್ಲಿ. ಅದಕ್ಕೆ ಅಡ್ಡದಾರಿ ಇಲ್ಲ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಕೂರಬೇಕು.

ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಬೇಕು. ಮುರಿದ ಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಹಾಡು ಅಳಿಯುವುದಿಲ್ಲ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನು ಒಮ್ಮೆ ಕೊನೆಯ ತನಕ ಓಡಿಸಿ, ಹಿಂದಕ್ಕೆ ಸುತ್ತಿ ಸಡಿಲ ಮಾಡಬೇಕು. ಬಿಳಿಯ ಬೂಷ್ಟು ಕಂಡರೆ ಓಡಿಸಲೇಬಾರದು, ಮೊದಲು ಒಣಗಿಸಿ ಒರೆಸಬೇಕು. ಟೇಪ್ ರೆಕಾರ್ಡರಿನ ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದರೆ ಕಂದು ಬಣ್ಣದ ಕೊಳೆ ಬರುತ್ತದೆ, ಅದು ಹೋದ ಕೂಡಲೇ ತಾಳದ ದನಿ ತಿಳಿಯಾಗುತ್ತದೆ. ದನಿ ಇನ್ನೂ ಮಬ್ಬಾಗಿದ್ದರೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ದನಿ ಚೊಕ್ಕವಾದ ಕಡೆ ನಿಲ್ಲಿಸಬೇಕು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ವೈರ್ ಎಳೆದು, ಕೆಲವೇ ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ದನಿಯನ್ನು ಹಿಡಿಯುತ್ತದೆ. ಮೇಳ ಎತ್ತರದಲ್ಲಿ ಹಾಡುವಾಗಲೂ ಮೀಟರ್ ಕೆಂಪಿಗೆ ತಾಗದಂತೆ ದನಿ ಇಳಿಸಿಕೊಳ್ಳಬೇಕು. ಕಡಿಮೆ ಹಿಡಿದ ದನಿಯನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಯಾರೂ ಜೋಡಿಸಲಾರರು.

ಉಳಿಸುವಾಗ ಫ್ಲಾಕ್ ರೂಪದಲ್ಲಿ ಉಳಿಸುವುದು ಉತ್ತಮ. ಇದು 2001ರಲ್ಲಿ ಬಂದ ಮುಕ್ತ ರೂಪ. ದನಿಯ ಒಂದು ಕಣವನ್ನೂ ಬಿಡದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ ಆರುನೂರು ಎಂಬಿ, ಫ್ಲಾಕ್ ಮಾಡಿದರೆ ಮುನ್ನೂರರ ಆಸುಪಾಸು. ಒಂದು ಟಿಬಿ ಡಿಸ್ಕಿನಲ್ಲಿ ಅಂಥ ಮೂರು ಸಾವಿರ ಕ್ಯಾಸೆಟ್ ಹಿಡಿಯುತ್ತವೆ, ಒಂದು ಇಡೀ ತಾಲೂಕಿನ ಭಜನಿ ಮೇಳಗಳಿಗೆ ಸಾಕಾಗುವಷ್ಟು. ಗುಂಯ್‌ಗುಡುವ ಸದ್ದನ್ನು ತೆಗೆದು ಚಂದ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಚಂದ ಮಾಡಿದ್ದು ಬೇರೆ ಪ್ರತಿಯಾಗಿರಲಿ, ಮೊದಲು ಹಿಡಿದದ್ದನ್ನು ಮುಟ್ಟಬಾರದು. ನಡುವೆ ಕೆಮ್ಮಿದ್ದು, ಚಹಾ ಬಂತೆಂದು ಕೂಗಿದ್ದು, ಮುಂದಿನ ಪದ ಯಾರದೆಂದು ಮೇಳದವರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ನಾಳಿನ ಸಂಶೋಧಕನಿಗೆ ಹಾಡಿನಷ್ಟೇ ಬೆಲೆಯುಳ್ಳದ್ದು.

ದೊಡ್ಡ ಆ್ಯಪುಗಳು ಹಾಡನ್ನು ಸಿನಿಮಾ, ಗಾಯಕ, ಆಲ್ಬಂ ಎಂದು ಜೋಡಿಸುತ್ತವೆ. ತತ್ವಪದ ಆ ಕಪಾಟಿನಲ್ಲಿ ಕೂರುವುದಿಲ್ಲ. ಭಜನಿಯವರು ಹಾಡನ್ನು ಹುಡುಕುವುದು ಪದಕಾರನ ಅಂಕಿತದಿಂದ, ಧಾಟಿಯಿಂದ, ಮೇಳದ ಊರಿನಿಂದ, ಹಾಡುವ ಹೊತ್ತಿನಿಂದ. ಶಿವರಾತ್ರಿಗೆ ಹಾಡುವುದು ಬೇರೆ, ಸತ್ತ ಮನೆಯಲ್ಲಿ ರಾತ್ರಿ ಹಾಡುವುದು ಬೇರೆ. ಸ್ವಂತ ಸರ್ವರಿನಲ್ಲಿ ಇದನ್ನೆಲ್ಲ ಹಾಡಿನ ಫೈಲಿನೊಳಗೇ ಬರೆದಿಡಬಹುದು: ರಚನಕಾರ ಎಂಬಲ್ಲಿ ಪದಕಾರನ ಹೆಸರು, ಕಲಾವಿದ ಎಂಬಲ್ಲಿ ಮೇಳ, ಆಲ್ಬಂ ಎಂಬಲ್ಲಿ ಊರು ಮತ್ತು ವರ್ಷ, ಟಿಪ್ಪಣಿಯಲ್ಲಿ ಪೇಟಿ ಯಾರು ನುಡಿಸಿದರು, ತಬಲಾ ಯಾರದು, ಯಾವ ಸಂದರ್ಭ. ವಾಟ್ಸ್ಆ್ಯಪಿನಲ್ಲಿ ಬಂದ ಫೈಲಿಗೆ ತಾರೀಖು, ನಂಬರು ಬಿಟ್ಟರೆ ಹೆಸರೇ ಇರುವುದಿಲ್ಲ. ಆ ದನಿ ಯಾರದೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡದಿದ್ದರೆ ಹತ್ತು ವರ್ಷದ ಮೇಲೆ ಅದು ಬರೀ ಅನಾಮಿಕ ಗಂಟಲು. ಬರೆಯುವಾಗ ಯೂನಿಕೋಡ್ ಕನ್ನಡವನ್ನೇ ಬಳಸಬೇಕು, ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಅಫಜಲಪುರವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದರೆ ಹುಡುಕಿದಾಗ ಅರ್ಧ ಹಾಡು ತಪ್ಪಿಹೋಗುತ್ತದೆ, ಊರಿನ ಹೆಸರಿಗೆ ಒಂದೇ ರೂಪ ಗೊತ್ತುಮಾಡಿಕೊಳ್ಳಬೇಕು.

ಕಾನೂನಿನ ಅಂಜಿಕೆಯೂ ಕೆಲವರಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ ಉಪಯೋಗಕ್ಕೆ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ. ಕೊಂಡ ಕ್ಯಾಸೆಟ್ಟನ್ನು ಮನೆಯವರು ಕೇಳಲು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೂ ಅದನ್ನು ಊರಿಗೆಲ್ಲ ಹಂಚುವುದಕ್ಕೂ ವ್ಯತ್ಯಾಸವಿದೆ. ಪ್ರಕಟವಾದ ಧ್ವನಿಮುದ್ರಣದ ಹಕ್ಕು ಅರವತ್ತು ವರ್ಷ ಇರುತ್ತದೆ. ಹಾಡುವವರಿಗೂ ತಮ್ಮ ಗಾಯನದ ಮೇಲೆ ಕಾನೂನಿನ ಹಕ್ಕಿದೆ. ಆದರೆ ಇಲ್ಲಿ ಕಾನೂನಿಗಿಂತ ದೊಡ್ಡದು ಮರ್ಯಾದೆಯ ಪ್ರಶ್ನೆ. ಅಡುಗೆಮನೆಯಲ್ಲಿ ಅವ್ವ, ಅತ್ತೆ ಹಾಡುವ ಪದವನ್ನು ಹಿಡಿಯುವ ಮೊದಲು ಅವರನ್ನು ಕೇಳಬೇಕು, ಮನೆಯ ಹೊರಗೆ ಕೊಡಬಹುದೇ ಎಂದು ಮತ್ತೆ ಬೇರೆಯಾಗಿ ಕೇಳಬೇಕು. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಯೂಟ್ಯೂಬಿಗಿಂತ ಮನೆಯ ಪೆಟ್ಟಿಗೆ ಮೇಲೆನಿಸುವುದು ಇಲ್ಲೇ: ಕೂಡಿಡುವುದು ಬೇರೆ, ಪ್ರಕಟಿಸುವುದು ಬೇರೆ ಎಂಬ ಗೆರೆಯನ್ನು ಎಳೆಯುವ ಅಧಿಕಾರ ಹಾಡಿದವರ ಕೈಯಲ್ಲೇ ಉಳಿಯುತ್ತದೆ.

ಈ ಜಿಲ್ಲೆಯಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರು ಕಡಿಮೆಯಲ್ಲ. ಅವರಿಗೂ ಮನೆಯ ಹಾಡು ತಲುಪಿಸಬಹುದು. ಟೇಲ್‌ಸ್ಕೇಲಿನಂಥ ಖಾಸಗಿ ಜಾಲದ ತಂತ್ರಾಂಶವನ್ನು ಸರ್ವರಿನಲ್ಲೂ ಮಗನ ಫೋನಿನಲ್ಲೂ ಹಾಕಿದರೆ, ಬೇರೆ ಯಾರಿಗೂ ಬಾಗಿಲು ತೆರೆಯದೆ ಪುಣೆಯ ಖೋಲಿಯಲ್ಲಿ ಜೇವರ್ಗಿಯ ಮನೆಯ ಹಾಡು ಕೇಳುತ್ತದೆ. ಇದಕ್ಕೆ ಮಾತ್ರ ಇಂಟರ್ನೆಟ್ ಬೇಕು. ಬಿಟ್ಟುಬಂದ ಊರಿನ ಸೋಬಾನ ಪದವನ್ನು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹಚ್ಚುವ ಅನುಕೂಲ ಯಾವ ಚಂದಾ ಸೇವೆಯಲ್ಲೂ ಇಲ್ಲ.

ಈ ವಾದಕ್ಕೆ ಇರುವ ಗಟ್ಟಿಯಾದ ಆಕ್ಷೇಪ ಬೇರೆಯದೇ. ಮನೆಯಲ್ಲಿಟ್ಟ ಡಿಸ್ಕ್ ಕೆಡುತ್ತದೆ, ನೋಡಿಕೊಳ್ಳುತ್ತಿದ್ದ ಹುಡುಗ ನೌಕರಿಗೆಂದು ಊರು ಬಿಡುತ್ತಾನೆ, ಆಗ ಎಲ್ಲ ಹೋಯಿತಲ್ಲ ಎಂಬುದು. ಇದು ನಿಜ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ತೀರದ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಜನ ಮರೆತಿಲ್ಲ. ಅಂಥ ದಿನ ಒಂದೇ ಡಿಸ್ಕನ್ನು ನಂಬಿದವರಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಎರಡನೆಯ ಡಿಸ್ಕ್ ಮೊದಲನೆಯದರಷ್ಟೇ ಮುಖ್ಯ. ಅದು ಬೇರೆ ಊರಿನ ಬೀಗರ ಮನೆಯಲ್ಲೋ ಕಲಬುರಗಿಯ ಮಗಳ ಮನೆಯಲ್ಲೋ ಇರಬೇಕು. ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ ಬಂದರಾಯಿತು. ಒಂದು ಟಿಬಿ ಡಿಸ್ಕಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ, ಕೂಲಿಯ ಮನೆಗೆ ಅದು ದೊಡ್ಡ ಮೊತ್ತ ಎಂಬುದನ್ನು ಮುಚ್ಚಿಡುವಂತಿಲ್ಲ. ಆದರೆ ಒಂದು ಮೇಳದಲ್ಲಿ ಎಂಟು ಹತ್ತು ಮನೆಗಳಿರುತ್ತವೆ. ಪೇಟಿ ತರುವಾಗ ಎಲ್ಲರೂ ಪಟ್ಟಿ ಹಾಕಿದ ಹಾಗೆ ಇದಕ್ಕೂ ಹಾಕಬಹುದು. ಹಾಗೆ ಮಾಡಿದರೆ ಪೆಟ್ಟಿಗೆ ಒಬ್ಬ ಹುಡುಗನ ಹವ್ಯಾಸವಾಗಿ ಉಳಿಯದೆ ಮೇಳದ ಸ್ವತ್ತಾಗುತ್ತದೆ, ಅವನು ಊರು ಬಿಟ್ಟರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ.

ಮನೆಯಲ್ಲಿ ಸಂಗೀತ ವ್ಯವಸ್ಥೆ ಎಂದ ಕೂಡಲೇ ಲಕ್ಷ ರೂಪಾಯಿಯ ಸ್ಪೀಕರು, ಸಾವಿರಗಟ್ಟಲೆ ಬೆಲೆಯ ವೈರಿನ ಮಾತು ಬರುತ್ತದೆ. ಅದರ ಬೆನ್ನು ಹತ್ತುವ ಅಗತ್ಯ ಇಲ್ಲಿಲ್ಲ. ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಒಂದು ಹಳೆಯ ಫೋನನ್ನು ಜೋಡಿಸಿಬಿಟ್ಟರೆ ಕೇಳುವ ಸಾಧನ ಸಿದ್ಧ. ಉಳಿದ ದುಡ್ಡು ಒಳ್ಳೆಯ ಮೈಕಿಗೆ ಹೋಗಲಿ. ಮುಂದಿನ ಅಮಾವಾಸ್ಯೆಗೆ ಮೇಳ ಕೂತಾಗ ಧ್ವನಿವರ್ಧಕದಿಂದ ದೂರ, ಹಾಡುವವರಿಗೆ ಹತ್ತಿರ ಮೈಕಿಟ್ಟು ಹಿಡಿದ ಒಂದು ತಾಸಿನ ದನಿ ಯಾವ ದುಬಾರಿ ಸ್ಪೀಕರಿಗಿಂತಲೂ ಹೆಚ್ಚು ಕಾಲ ಬಾಳುತ್ತದೆ.

ಹಳ್ಳಿಯಲ್ಲಿದ್ದುಕೊಂಡೇ ಹಾಡಿನ ಭಂಡಾರ ಕಟ್ಟಬಹುದು ಎಂಬುದಕ್ಕೆ ಈ ದೇಶದಲ್ಲೇ ಮಾದರಿಯಿದೆ. ಕೋಮಲ್ ಕೊಠಾರಿ ಮತ್ತು ವಿಜಯದಾನ್ ದೇಥಾ 1960ರಲ್ಲಿ ರಾಜಸ್ಥಾನದ ಬೋರುಂದಾ ಎಂಬ ಹಳ್ಳಿಯಲ್ಲಿ ರೂಪಾಯನ ಸಂಸ್ಥಾನ ಶುರುಮಾಡಿದರು. ಲಂಗಾ, ಮಾಂಗಣಿಯಾರ್ ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿದು ಕೂಡಿಟ್ಟರು. ಇಂದು ಜಗತ್ತು ಆ ಹಾಡುಗಾರರನ್ನು ಗುರುತಿಸುವುದಕ್ಕೆ ಆ ಕೆಲಸವೂ ಕಾರಣ. ನಮ್ಮಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ್ದೂ ಅಂಥದೇ ಹಟದಿಂದ. ಅವರ ಕಾಲಕ್ಕೆ ಭಾರದ ಟೇಪ್ ಯಂತ್ರ ಹೊತ್ತು ತಿರುಗಬೇಕಿತ್ತು. ಇವತ್ತು ಬೇಕಾದ ಎಲ್ಲವೂ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ, ಕಿಸೆಯ ಫೋನಿನಲ್ಲಿ ಇದೆ.

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲೇ. ಕನ್ನಡ ಓದುವ, ಕಂಪ್ಯೂಟರ್ ಕಲಿಯುವ ಅಲ್ಲಿನ ವಿದ್ಯಾರ್ಥಿಗಳು ರಜೆಯಲ್ಲಿ ಒಂದೊಂದು ಹಳ್ಳಿಗೆ ಹೋಗಿ ಮೇಳದವರಿಗೆ ಸರ್ವರ್ ಕೂರಿಸಿಕೊಟ್ಟು, ಪಟ್ಟಿ ಬರೆಯಲು ಕೈಜೋಡಿಸಿದರೆ ಅದು ಯಾವ ಪ್ರಬಂಧಕ್ಕೂ ಕಡಿಮೆಯ ಕೆಲಸವಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿ ಆ ಊರಿನ ಹಾಡಿನ ಒಂದು ಪ್ರತಿ ಇಡಿಸುವಂತೆ ಪಂಚಾಯಿತಿ ಸದಸ್ಯರು ಕೇಳಬೇಕು, ಹಾಡಿದವರ ಒಪ್ಪಿಗೆ ಪಡೆದು. ಇದನ್ನು ಓದುತ್ತಿರುವವರ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಅಂಥ ಕ್ಯಾಸೆಟ್ ಇದ್ದರೆ ಈ ಬೇಸಿಗೆಯ ಬಿಸಿಲು ಏರುವ ಮೊದಲು ಕೆಳಗಿಳಿಸಿ. ಅದರಲ್ಲಿ ಹಾಡಿದವರು ಯಾರು, ಪೇಟಿ ಹಿಡಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ, ಅದರ ಚೀಟಿಯ ಮೇಲೆ ಇವತ್ತೇ ಬರೆದಿಡಿ.